ಎಂ.ಟೆಕ್ ಸೀಟು: ಕಾಲೇಜು ಹುಡುಕೋ ಮೊದಲು ಗೇಟ್ ಲೆಕ್ಕ ಹಾಕಿ

ಮಧುಗಿರಿ: ಬಿಇ ಮುಗಿಸಿದ ಮಗನನ್ನೋ ಮಗಳನ್ನೋ ಎಂ.ಟೆಕ್‌ಗೆ ಎಲ್ಲಿ ಸೇರಿಸೋದು? ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಮಾತು ಶುರುವಾಗೋದೇ ಊರಿನಿಂದ: ತುಮಕೂರಾದರೆ ಹತ್ತಿರ, ಬೆಂಗಳೂರಾದರೆ ಹೆಸರು. ಆದರೆ ಮನೆಯ ದುಡ್ಡು ಉಳಿಯೋದೂ ಹೋಗೋದೂ ಊರಿನ ಮೇಲಲ್ಲ, ಸೀಟು ಯಾವ ದಾರಿಯಲ್ಲಿ ಸಿಕ್ಕಿತು ಅನ್ನೋದರ ಮೇಲೆ.

ದಾರಿ ಮೂರು: ಗೇಟ್ ಪರೀಕ್ಷೆ, ಕೆಇಎ ನಡೆಸುವ ಪಿಜಿಸಿಇಟಿ, ಮ್ಯಾನೇಜ್‌ಮೆಂಟ್ ಕೋಟಾ.

3 ಲಕ್ಷದ ವ್ಯತ್ಯಾಸ

ಗೇಟ್‌ನಲ್ಲಿ ಅರ್ಹತೆ ಪಡೆದು, ಎಐಸಿಟಿಇ ಮಾನ್ಯತೆ ಇರುವ ಕೋರ್ಸಿಗೆ ಪೂರ್ಣಾವಧಿ ಸೇರಿದವರಿಗೆ ತಿಂಗಳಿಗೆ 12,400 ರೂ. ಪಿಜಿ ಸ್ಕಾಲರ್‌ಶಿಪ್ ಇದೆ. 24 ತಿಂಗಳಿಗೆ 2,97,600 ರೂ. ಹಣ ನೇರ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಬರುತ್ತೆ. ಬರೀ ಪಿಜಿಸಿಇಟಿ ರ‍್ಯಾಂಕ್ ಅಥವಾ ಮ್ಯಾನೇಜ್‌ಮೆಂಟ್ ಸೀಟಿನಲ್ಲಿ ಸೇರಿದವರಿಗೆ ಇದು ಇಲ್ಲ. ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬರಿಗೆ ಹತ್ತಿರ ಹತ್ತಿರ 3 ಲಕ್ಷ, ಇನ್ನೊಬ್ಬರಿಗೆ ಸೊನ್ನೆ.

ಗೇಟ್ ಸ್ಕೋರ್ ಸೇರುವ ಹೊತ್ತಿಗೇ ಕೈಯಲ್ಲಿರಬೇಕು. ಸೇರಿದ ಮೇಲೆ ಬರೆದರೆ ಪ್ರಯೋಜನವಿಲ್ಲ. ಬಿಇ 3ನೇ ವರ್ಷದಲ್ಲೇ ಈ ಪರೀಕ್ಷೆ ಬರೆಯಬಹುದು, ಸ್ಕೋರ್ 3 ವರ್ಷ ನಡೆಯುತ್ತೆ. ಪರೀಕ್ಷೆ ಇರೋದು ಫೆಬ್ರವರಿಯಲ್ಲಿ, ಅರ್ಜಿ ಹಾಕೋದು ಹಿಂದಿನ ವರ್ಷ ಆಗಸ್ಟ್-ಸೆಪ್ಟೆಂಬರ್ ಸುಮಾರಿಗೆ. ಫೈನಲ್ ಇಯರ್ ಮುಗಿದ ಮೇಲೆ ಯೋಚಿಸಿದರೆ ಒಂದು ವರ್ಷ ಕೈತಪ್ಪಿತು ಅಂತಲೇ ಅರ್ಥ.

ಸರ್ಟಿಫಿಕೇಟ್ ಮೇಲೆ ಯಾರ ಹೆಸರು?

ತುಮಕೂರಿನಲ್ಲೇ ನೋಡಿ. 1963ರಲ್ಲಿ ಶುರುವಾದ ಸಿದ್ಧಗಂಗಾ ತಾಂತ್ರಿಕ ಕಾಲೇಜು ಸ್ವಾಯತ್ತ, ಆದರೆ ಡಿಗ್ರಿ ಕೊಡೋದು ಬೆಳಗಾವಿಯ ವಿಟಿಯು. 1979ರ ಶ್ರೀ ಸಿದ್ಧಾರ್ಥ ಕಾಲೇಜು ಈಗ ಡೀಮ್ಡ್ ವಿವಿಯ ಭಾಗ, ಡಿಗ್ರಿ ಅವರದ್ದೇ. ಯಾವುದು ಮೇಲು ಅನ್ನೋದು ಬೇರೆ ಮಾತು. ಫೀಸು, ಪ್ರವೇಶದ ನಿಯಮ ಎರಡೂ ಕಡೆ ಬೇರೆ ಬೇರೆ ಅನ್ನೋದು ತಿಳಿದಿರಬೇಕು.

ಬೆಂಗಳೂರಲ್ಲಿ 1917ರ ಯುವಿಸಿಇ ಇದೆ, 1909ರ ಐಐಎಸ್‌ಸಿ ಇದೆ. ಸುರತ್ಕಲ್ ಎನ್‌ಐಟಿ, ಧಾರವಾಡ ಐಐಟಿ ಕೂಡ ನಮ್ಮ ರಾಜ್ಯದಲ್ಲೇ ಇವೆ. ಎನ್‌ಐಟಿ ಸೀಟಿಗೆ ಸಿಸಿಎಂಟಿ ಕೌನ್ಸೆಲಿಂಗ್, ಐಐಟಿ-ಐಐಎಸ್‌ಸಿಗೆ ಆಯಾ ಸಂಸ್ಥೆಗೇ ಅರ್ಜಿ, ಆಮೇಲೆ ಸಿಒಎಪಿ ಪೋರ್ಟಲ್. ಎರಡಕ್ಕೂ ಗೇಟ್ ಬೇಕು.

ಪಾವಗಡದವರಿಗೆ ಆಂಧ್ರ ಪಕ್ಕದಲ್ಲೇ ಇದೆ, ಅನಂತಪುರದ ಜೆಎನ್‌ಟಿಯು ಕಡೆ ನೋಡೋದು ಸಹಜ. ಆದರೆ ನಮ್ಮ ಪಿಜಿಸಿಇಟಿ ಗಡಿ ದಾಟಲ್ಲ, ಅಲ್ಲಿಗೆ ಎಪಿ ಪಿಜಿಇಸೆಟ್ ಬೇರೆ. ಗೇಟ್ ಮಾತ್ರ ಎರಡೂ ಕಡೆ ನಡೆಯುತ್ತೆ.

ಎಂ.ಟೆಕ್ ಬೇಕೇ ಬೇಕಾ?

ಸಾಫ್ಟ್‌ವೇರ್ ಕೆಲಸಕ್ಕೆ ಬಿಇ ಸಾಕು ಅನ್ನೋ ಕಂಪನಿಗಳೇ ಹೆಚ್ಚು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡಬೇಕಾದರೆ ಎಂ.ಟೆಕ್ ಕಡ್ಡಾಯ. ಸಂಶೋಧನೆ, ಡಿಸೈನ್ ಕೆಲಸಕ್ಕೂ ಅನುಕೂಲ. ಹಾಗಾಗಿ ಮೊದಲು ವಿಷಯ, ಆಮೇಲೆ ಕಾಲೇಜು. ತಿರುಮಣಿಯ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ನೋಡಿ ಆಸೆ ಹುಟ್ಟಿದ ಹುಡುಗನಿಗೆ ಬೇಕಿರೋದು ಪವರ್ ಎಲೆಕ್ಟ್ರಾನಿಕ್ಸ್ ಅಥವಾ ಪವರ್ ಸಿಸ್ಟಮ್ಸ್‌ನಲ್ಲಿ ಒಳ್ಳೇ ಲ್ಯಾಬ್. ಕಂಪ್ಯೂಟರ್ ಸೈನ್ಸ್‌ಗೆ ಹೆಸರಾದ ಕಾಲೇಜಿನಲ್ಲಿ ಅದು ಇಲ್ಲದೇ ಇರಬಹುದು.

ದುಡ್ಡು ಕಟ್ಟೋ ಮೊದಲು ಕಾಲೇಜು ಆಫೀಸಿನಲ್ಲಿ ನಾಲ್ಕು ಮಾತು ಕೇಳಿ. ಈ ಕೋರ್ಸಿಗೆ ಈ ವರ್ಷ ಎಐಸಿಟಿಇ ಮಾನ್ಯತೆ ಇದೆಯಾ? ಗೇಟ್ ಸ್ಕಾಲರ್‌ಶಿಪ್ ಈಗಿನ ವಿದ್ಯಾರ್ಥಿಗಳಿಗೆ ಬರ್ತಿದೆಯಾ? ನಮ್ಮ ವಿಷಯಕ್ಕೆ ಗೈಡ್ ಯಾರು? ಹಾಸ್ಟೆಲ್ ಸೇರಿ ಎರಡು ವರ್ಷದ ಒಟ್ಟು ಖರ್ಚು ಎಷ್ಟು? ಎರಡನೇ ಪ್ರಶ್ನೆಯ ಉತ್ತರವನ್ನು ಆಫೀಸಿನವರಿಗಿಂತ ಅಲ್ಲಿ ಓದ್ತಿರೋ ಹುಡುಗರ ಬಾಯಲ್ಲೇ ಕೇಳೋದು ಒಳ್ಳೇದು. ಅಂಗಡಿ ಮೇಲೆ ಸಾಲ ಎತ್ತೋ ನಿರ್ಧಾರ ಅದಾದ ಮೇಲೆ ಮಾಡಿದರೆ ಸಾಕು.