ವರಾನ್ ಬಿಟ್ಟುಹೋದ ಪ್ರಶ್ನೆ: ಗೋಲು ಕಾಯ್ದ ತಲೆಯನ್ನು ಕಾಯುವವರು ಯಾರು?

ಫ್ರಾನ್ಸಿನ ರಕ್ಷಣಾ ಆಟಗಾರ ರಫಾಯೆಲ್ ವರಾನ್ 2024ರ ಸೆಪ್ಟೆಂಬರ್ 25ರಂದು ಫುಟ್‌ಬಾಲ್ ಅಂಗಣಕ್ಕೆ ವಿದಾಯ ಹೇಳಿದಾಗ ಅವರಿಗೆ ಕೇವಲ 31 ವರ್ಷ. ಒಂದು ವಿಶ್ವಕಪ್, ನಾಲ್ಕು ಚಾಂಪಿಯನ್ಸ್ ಲೀಗ್, ಮೂರು ಸ್ಪ್ಯಾನಿಷ್ ಲೀಗ್ ಪ್ರಶಸ್ತಿ, ರಾಷ್ಟ್ರೀಯ ತಂಡದ ಪರವಾಗಿ 93 ಪಂದ್ಯ: ಇಷ್ಟನ್ನು ಗಳಿಸಿದ ಆಟಗಾರ, ತಮ್ಮ ಸ್ಥಾನದಲ್ಲಿ ಆಡುವ ಅನೇಕರು ಇನ್ನೂ ಮೂರು ನಾಲ್ಕು ವರ್ಷ ದುಡಿಯುವ ವಯಸ್ಸಿನಲ್ಲಿ ನಿಂತುಬಿಟ್ಟರು. ನಿವೃತ್ತಿಗೆ ಮೊಣಕಾಲಿನ ಗಾಯ ಕಾರಣವಾಯಿತು. ಆದರೆ ಅದಕ್ಕೆ ಸುಮಾರು ಆರು ತಿಂಗಳು ಮೊದಲು ಅವರು ಮಾತನಾಡಿದ್ದು ತಲೆಯ ಬಗ್ಗೆ. ವಿದೇಶಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೆ, ಊರಿನಲ್ಲಿದ್ದು ಮೊಮ್ಮಕ್ಕಳ ಆಟವನ್ನು ಫೋನಿನ ಪರದೆಯಲ್ಲಿ ನೋಡುವ ಅಜ್ಜ ಅಜ್ಜಿಯರಿಗೆ ಅವರ ಪದಕಗಳಿಗಿಂತ ಆ ಮಾತು ಹೆಚ್ಚು ಸಂಬಂಧಿಸಿದ್ದು.

ವರಾನ್ ಹುಟ್ಟಿದ್ದು 1993ರಲ್ಲಿ, ಉತ್ತರ ಫ್ರಾನ್ಸಿನ ಲೀಲ್ ನಗರದಲ್ಲಿ. ತಂದೆಯ ಮೂಲ ಕೆರಿಬಿಯನ್ ಸಮುದ್ರದಲ್ಲಿರುವ ಫ್ರೆಂಚ್ ದ್ವೀಪ ಮಾರ್ಟಿನಿಕ್. ನೆರೆಯ ಲಾನ್ಸ್ ಕ್ಲಬ್ಬಿನ ತರಬೇತಿ ಕೇಂದ್ರದಲ್ಲಿ ಬೆಳೆದ ಹುಡುಗ 17ನೆಯ ವಯಸ್ಸಿಗೆ ಆ ಕ್ಲಬ್ಬಿನ ಮುಖ್ಯ ತಂಡದಲ್ಲಿ ಆಡಿದರು. 2011ರಲ್ಲಿ ರಿಯಲ್ ಮ್ಯಾಡ್ರಿಡ್ ಪರವಾಗಿ ಸ್ವತಃ ಝಿನೆದಿನ್ ಝಿದಾನ್ ದೂರವಾಣಿ ಕರೆ ಮಾಡಿದಾಗ ಅವರು ಬ್ಯಾಕಲೋರಿಯಾ ಪರೀಕ್ಷೆಗೆ ಓದುತ್ತಿದ್ದರು. ಆಮೇಲೆ ಕರೆ ಮಾಡಬಹುದೇ ಎಂದು ಕೇಳಿದ್ದನ್ನು ಅವರೇ ನೆನಪಿಸಿಕೊಂಡಿದ್ದಾರೆ. ಈ ಪರೀಕ್ಷೆ ನಮ್ಮ ದ್ವಿತೀಯ ಪಿಯುಸಿಗೆ ಸಮಾನವೆನ್ನಬಹುದು. ಮಗುವಿನ ಆಟ ಮತ್ತು ಓದು ಒಂದಕ್ಕೊಂದು ಶತ್ರುಗಳೆಂದು ನಂಬಿರುವ ನಮ್ಮ ಹಿರಿಯರಿಗೆ ಈ ಪ್ರಸಂಗ ಹಿಡಿಸೀತು.

ಮುಂದಿನ ಹತ್ತು ವರ್ಷ ಮ್ಯಾಡ್ರಿಡ್‌ನಲ್ಲಿ, ಆ ಬಳಿಕ ಮೂರು ವರ್ಷ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಅವರ ವೃತ್ತಿಜೀವನ ಸಾಗಿತು. 2018ರಲ್ಲಿ ಫ್ರಾನ್ಸ್ ವಿಶ್ವಕಪ್ ಗೆದ್ದಾಗ ಪ್ರತಿ ಪಂದ್ಯದಲ್ಲೂ ಆಡಿದರು. ಉರುಗ್ವೆ ವಿರುದ್ಧದ ಕ್ವಾರ್ಟರ್ ಫೈನಲ್‌ನಲ್ಲಿ ಗ್ರೀಝ್‌ಮನ್ ಒದ್ದ ಫ್ರೀ ಕಿಕ್ ಅನ್ನು ತಲೆಯಿಂದ ಹೊಡೆದು ಗಳಿಸಿದ ಗೋಲು ಇಂದಿಗೂ ಅಭಿಮಾನಿಗಳ ನೆನಪಿನಲ್ಲಿದೆ. ಗೋಲು ಗಳಿಸಲು ಎಂದೋ ಒಮ್ಮೆ ಒದಗುವ ಆ ತಲೆ, ಗೋಲು ತಪ್ಪಿಸಲು ಮಾತ್ರ ಪ್ರತಿದಿನ ದುಡಿಯಬೇಕು. ಎದುರಾಳಿ ಗೋಲ್‌ಕೀಪರ್ ದೂರದಿಂದ ಒದ್ದ ಚೆಂಡು, ಬದಿಯಿಂದ ಹಾರಿ ಬಂದ ಕ್ರಾಸ್, ಕಾರ್ನರ್ ಕಿಕ್, ಇವೆಲ್ಲವನ್ನೂ ಮೊದಲು ಎದುರಿಸಬೇಕಾದವರು ಮಧ್ಯದಲ್ಲಿ ನಿಂತ ರಕ್ಷಣಾ ಆಟಗಾರರು. ಅದರ ಜೊತೆಗೆ ಅಭ್ಯಾಸದ ಹೆಡರ್‌ಗಳೂ ಸೇರುತ್ತವೆ.

2024ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಕ್ರೀಡಾ ದೈನಿಕ ‘ಲೆಕಿಪ್’ಗೆ ನೀಡಿದ ಸಂದರ್ಶನದಲ್ಲಿ ವರಾನ್ ಎರಡು ಪಂದ್ಯಗಳ ಹಿಂದಿನ ಸತ್ಯವನ್ನು ಹೇಳಿದರು. 2014ರ ವಿಶ್ವಕಪ್‌ನಲ್ಲಿ ನೈಜೀರಿಯಾ ವಿರುದ್ಧದ ಪಂದ್ಯದಲ್ಲಿ ಅವರ ತಲೆಗೆ ಪೆಟ್ಟು ಬಿದ್ದಿತ್ತು. ನಾಲ್ಕು ದಿನಗಳ ಬಳಿಕ ಜರ್ಮನಿ ವಿರುದ್ಧ ಕ್ವಾರ್ಟರ್ ಫೈನಲ್ ಆಡಿದರು. ಆ ಪಂದ್ಯದ ಏಕೈಕ ಗೋಲನ್ನು ಹುಮ್ಮೆಲ್ಸ್ ತಲೆಯಿಂದ ಹೊಡೆದದ್ದು ವರಾನ್ ಅವರನ್ನು ಮೀರಿ ಜಿಗಿದು. 2020ರಲ್ಲಿ ಗೆಟಾಫೆ ವಿರುದ್ಧ ತಲೆಗೆ ಪೆಟ್ಟಾದ ಕೆಲವು ವಾರಗಳ ನಂತರ ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಆಡಿದಾಗ ಅವರ ತಪ್ಪುಗಳಿಂದಲೇ ಎರಡು ಗೋಲುಗಳಾದವು. ರಿಯಲ್ ಮ್ಯಾಡ್ರಿಡ್ ಚಾಂಪಿಯನ್ಸ್ ಲೀಗ್‌ನಿಂದ ಹೊರಬಿತ್ತು. ಅಂದು ಪತ್ರಿಕೆಗಳು, ಅಭಿಮಾನಿಗಳು ಅವರನ್ನು ಹಳಿದರು. ತಲೆ ಮಂಜು ಕವಿದಂತಿತ್ತೆಂಬುದು ಯಾರಿಗೂ ತಿಳಿದಿರಲಿಲ್ಲ. ತಮ್ಮ ವೃತ್ತಿಜೀವನದ ಅತ್ಯಂತ ಕಳಪೆ ಮೂರು ಪಂದ್ಯಗಳಲ್ಲಿ ಕನಿಷ್ಠ ಎರಡು ಇಂತಹ ಪೆಟ್ಟಿನ ಬೆನ್ನಿಗೇ ಬಂದವು ಎಂದು ನಾಲ್ಕು ವರ್ಷಗಳ ನಂತರ ಅವರೇ ಲೆಕ್ಕ ಹೇಳಿದರು. ಫುಟ್‌ಬಾಲ್ ಆಡುವ ತಮ್ಮ ಏಳು ವರ್ಷದ ಮಗನಿಗೆ ಚೆಂಡನ್ನು ತಲೆಯಿಂದ ಹೊಡೆಯಬೇಡವೆಂದು ಹೇಳುತ್ತೇನೆ ಎಂದೂ ಸೇರಿಸಿದರು.

ಇಲ್ಲಿ ಕನ್ಕಷನ್ ಎಂಬ ಪದವನ್ನು ಅರಿಯಬೇಕು. ತಲೆಗೋ, ಕೆಲವೊಮ್ಮೆ ಕುತ್ತಿಗೆ ಅಥವಾ ಮೈಗೋ ಬಿದ್ದ ಪೆಟ್ಟಿನಿಂದ ಮಿದುಳು ತಲೆಬುರುಡೆಯೊಳಗೆ ಅಲುಗಿ ಉಂಟಾಗುವ ಆಘಾತವಿದು. ರಕ್ತ ಕಾಣುವುದಿಲ್ಲ, ಮೂಳೆ ಮುರಿದಿರುವುದಿಲ್ಲ, ಸಾಮಾನ್ಯ ಸ್ಕ್ಯಾನ್‌ನಲ್ಲಿಯೂ ಏನೂ ತೋರದೆ ಇರಬಹುದು. ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಬೆಳಕು ಸಹಿಸಲಾಗದಿರುವುದು, ಮರೆವು, ಅಸಹಜ ನಿದ್ದೆ, ಕಾರಣವಿಲ್ಲದ ಕಿರಿಕಿರಿ ಇವು ಲಕ್ಷಣಗಳು. ಕೆಲವು ಗಂಟೆ ಅಥವಾ ಒಂದೆರಡು ದಿನ ತಡವಾಗಿಯೂ ಕಾಣಿಸಿಕೊಳ್ಳಬಹುದು. ಮೊದಲ ಪೆಟ್ಟು ವಾಸಿಯಾಗುವ ಮುನ್ನ ಎರಡನೆಯದು ಬಿದ್ದರೆ ಅಪಾಯ ಬಹಳ ಹೆಚ್ಚು. ವರಾನ್ ಅವರನ್ನು ಕಾಡಿದ್ದೂ ಅದೇ: ಜರ್ಮನಿ ವಿರುದ್ಧ ಇನ್ನೊಂದು ಪೆಟ್ಟು ಬಿದ್ದಿದ್ದರೆ ಏನಾಗುತ್ತಿತ್ತು?

ಇದು ಒಬ್ಬ ಆಟಗಾರನ ಆತಂಕ ಮಾತ್ರವಲ್ಲ. ಸ್ಕಾಟ್ಲೆಂಡ್‌ನ ಗ್ಲಾಸ್ಗೊ ವಿಶ್ವವಿದ್ಯಾಲಯದ ತಜ್ಞರು ಅಲ್ಲಿನ 7,676 ಮಾಜಿ ವೃತ್ತಿಪರ ಆಟಗಾರರ ದಾಖಲೆಗಳನ್ನು ಸಾಮಾನ್ಯ ಜನರ ದಾಖಲೆಗಳೊಂದಿಗೆ ಹೋಲಿಸಿ 2019ರಲ್ಲಿ ವರದಿ ಪ್ರಕಟಿಸಿದರು. ಮರೆವಿನ ಕಾಯಿಲೆಯಂತಹ ಮಿದುಳು ಕ್ಷೀಣಿಸುವ ರೋಗಗಳಿಂದ ಸಾಯುವ ಸಂಭವ ಆಟಗಾರರಲ್ಲಿ ಸುಮಾರು ಮೂರೂವರೆ ಪಟ್ಟು ಹೆಚ್ಚು ಎಂದು ಕಂಡುಬಂತು. 2021ರಲ್ಲಿ ಅದೇ ತಂಡ ಆಡುವ ಸ್ಥಾನದ ಪ್ರಕಾರ ವಿಂಗಡಿಸಿ ನೋಡಿದಾಗ ಇಂತಹ ರೋಗಗಳ ಅಪಾಯ ರಕ್ಷಣಾ ಆಟಗಾರರಲ್ಲಿ ಅತಿ ಹೆಚ್ಚು, ಸುಮಾರು ಐದು ಪಟ್ಟು. ಚೆಂಡನ್ನು ಕೈಯಲ್ಲಿ ಹಿಡಿಯುವ ಗೋಲ್‌ಕೀಪರ್‌ಗಳಲ್ಲಿ ಹೇಳಿಕೊಳ್ಳುವಂತಹ ಹೆಚ್ಚಳವಿರಲಿಲ್ಲ. ಹೆಡರ್ ಒಂದೇ ಕಾರಣವೆಂದು ಈ ಅಧ್ಯಯನ ಸಿದ್ಧಪಡಿಸುವುದಿಲ್ಲ. ಅದರಲ್ಲಿದ್ದವರು ಹಳೆಯ ಕಾಲದ ಪುರುಷ ಆಟಗಾರರು. ಅದೇ ಆಟಗಾರರಲ್ಲಿ ಹೃದ್ರೋಗ ಮತ್ತು ಶ್ವಾಸಕೋಶದ ಕ್ಯಾನ್ಸರ್‌ನ ಸಾವುಗಳು ಕಡಿಮೆಯಿದ್ದವು ಎಂಬುದನ್ನೂ ಹೇಳಬೇಕು. ಆಟ ದೇಹಕ್ಕೆ ಹಿತ. ಎಚ್ಚರ ಬೇಕಿರುವುದು ತಲೆಯ ವಿಷಯದಲ್ಲಿ.

ಹಾಗಾದರೆ ಆಟಗಾರರು ಏಕೆ ಸುಮ್ಮನಿರುತ್ತಾರೆ? ಕಾಲುನೋವು ಎಂದರೆ ಎಲ್ಲರೂ ನಂಬುತ್ತಾರೆ. ತಲೆ ಭಾರವಾಗಿದೆ ಎಂದರೆ ದುರ್ಬಲನೆನ್ನುತ್ತಾರೆ. ವಿಶ್ವಕಪ್‌ನ ಕ್ವಾರ್ಟರ್ ಫೈನಲ್ ಮತ್ತೆ ಸಿಗುವುದಿಲ್ಲ. ಹೊರಗೆ ಕುಳಿತರೆ ಆ ಜಾಗಕ್ಕೆ ಇನ್ನೊಬ್ಬ ಸಿದ್ಧ. ಇದಕ್ಕೆ ಪಂದ್ಯಗಳ ಒತ್ತಡವೂ ಕೂಡಿದೆ. 2024-25ರಿಂದ ಚಾಂಪಿಯನ್ಸ್ ಲೀಗ್‌ನ ಮೊದಲ ಹಂತ 6 ಪಂದ್ಯಗಳಿಂದ 8ಕ್ಕೆ ಏರಿತು. 2025ರ ಬೇಸಿಗೆಯಲ್ಲಿ ಅಮೆರಿಕದಲ್ಲಿ 32 ಕ್ಲಬ್‌ಗಳ ವಿಶ್ವಕಪ್ ನಡೆಯಿತು. ಅಮೆರಿಕ, ಕೆನಡಾ, ಮೆಕ್ಸಿಕೊಗಳಿಗೆ ವಹಿಸಲಾದ 2026ರ ವಿಶ್ವಕಪ್‌ನಲ್ಲಿ ತಂಡಗಳ ಸಂಖ್ಯೆ 32ರಿಂದ 48ಕ್ಕೆ, ಪಂದ್ಯಗಳ ಸಂಖ್ಯೆ 64ರಿಂದ 104ಕ್ಕೆ ಜಿಗಿದಿದೆ. ಈ ಪಂದ್ಯಪಟ್ಟಿಯ ಭಾರದ ವಿರುದ್ಧ ಆಟಗಾರರ ಸಂಘ ಮತ್ತು ಯುರೋಪಿನ ಲೀಗ್‌ಗಳು 2024ರ ಅಕ್ಟೋಬರ್‌ನಲ್ಲಿ ಯುರೋಪಿಯನ್ ಆಯೋಗದ ಮೆಟ್ಟಿಲೇರಿದವು. ವರಾನ್ 2023ರಲ್ಲಿಯೇ, 29ನೆಯ ವಯಸ್ಸಿನಲ್ಲಿ, ರಾಷ್ಟ್ರೀಯ ತಂಡವನ್ನು ತೊರೆದಿದ್ದರು. ಉಸಿರು ಕಟ್ಟಿದಂತಾಗಿತ್ತು ಎಂಬುದು ಅವರು ಕೊಟ್ಟ ಕಾರಣ.

ಮಾತನಾಡಿದರೆ ಏನಾಗುತ್ತದೆ ಎಂಬುದಕ್ಕೂ ಅವರ ಬದುಕಿನಲ್ಲೇ ಉದಾಹರಣೆಯಿದೆ. ಮ್ಯಾಂಚೆಸ್ಟರ್‌ನ ಕೊನೆಯ ವರ್ಷ ಒಂದು ಪಂದ್ಯದಲ್ಲಿ ಮತ್ತೆ ಮತ್ತೆ ಹೆಡರ್ ಮಾಡಿದ ನಂತರ ವಿಪರೀತ ಆಯಾಸ, ಕಣ್ಣಿನ ದಣಿವು ಕಾಡಿತು. ಈ ಸಲ ಅವರು ಮುಚ್ಚಿಡಲಿಲ್ಲ. ಸಿಬ್ಬಂದಿಗೆ ತಿಳಿಸಿದರು, ಪರೀಕ್ಷೆ ನಡೆಯಿತು, ಮುಂದಿನ ಪಂದ್ಯಕ್ಕೆ ಹೊರಗುಳಿದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಅದೇ ಋತುವಿನ ಕೊನೆಯಲ್ಲಿ, 2024ರ ಮೇ 25ರಂದು, ವೆಂಬ್ಲಿಯಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು 2-1ರಿಂದ ಮಣಿಸಿ ಎಫ್‌ಎ ಕಪ್ ಎತ್ತಿದರು. ಆ ಬೇಸಿಗೆಯಲ್ಲಿ ಇಟಲಿಯ ಕೊಮೊ ಕ್ಲಬ್ ಸೇರಿ, ಆಗಸ್ಟ್‌ನಲ್ಲಿ ಆಡಿದ ಮೊದಲ ಪಂದ್ಯದಲ್ಲಿಯೇ ಮೊಣಕಾಲಿಗೆ ಗಾಯವಾಗಿ ಸುಮಾರು 20 ನಿಮಿಷಗಳಲ್ಲಿ ಹೊರನಡೆದರು. ಅದೇ ಕೊನೆಯ ಪಂದ್ಯವಾಯಿತು.

ಇದು ನಮ್ಮ ಮನೆಯಂಗಳಕ್ಕೆ ಬರುವುದು ಹೀಗೆ. ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರದಂತಹ ಬಡಾವಣೆಗಳಲ್ಲಿ ಫುಟ್‌ಬಾಲ್ ಉಸಿರಿನಂತೆ ಬೆರೆತಿದ್ದರೂ ನಮ್ಮಲ್ಲಿ ಬಹುಪಾಲು ಜನ ಕ್ರಿಕೆಟ್, ಕಬಡ್ಡಿ, ಖೋ ಖೋ ಆಡಿ ಬೆಳೆದವರು. ಅಮೆರಿಕಕ್ಕೋ ಬ್ರಿಟನ್ನಿಗೋ ಬಂದೊಡನೆ ಮಗು ವಾರಾಂತ್ಯದ ಫುಟ್‌ಬಾಲ್‌ಗೆ ಸೇರುತ್ತದೆ. ಶಾಲೆ ಅಥವಾ ಕ್ಲಬ್ ಕಳಿಸಿದ ಹತ್ತಾರು ಅರ್ಜಿಗಳ ನಡುವೆ ಕನ್ಕಷನ್ ಕುರಿತ ಒಂದು ಹಾಳೆಯೂ ಇರುತ್ತದೆ. ಓದದೆ ಸಹಿ ಹಾಕುವವರೇ ಹೆಚ್ಚು. ಆ ಹಾಳೆಯ ಹಿಂದೆ ಕಾನೂನಿದೆ. 2009ರಲ್ಲಿ ವಾಷಿಂಗ್ಟನ್ ರಾಜ್ಯದಿಂದ ಆರಂಭಗೊಂಡು ಅಮೆರಿಕದ ಎಲ್ಲ ರಾಜ್ಯಗಳೂ ಎಳೆಯ ಕ್ರೀಡಾಪಟುಗಳಿಗಾಗಿ ಇಂತಹ ಕಾಯ್ದೆ ಮಾಡಿವೆ. ಅವುಗಳ ತಿರುಳು ಇಷ್ಟೆ: ಸಂಶಯ ಬಂದರೆ ಮಗುವನ್ನು ಆಟದಿಂದ ಹೊರತರಬೇಕು, ಅರ್ಹ ವೈದ್ಯಕೀಯ ಸಿಬ್ಬಂದಿಯ ಒಪ್ಪಿಗೆಯಿಲ್ಲದೆ ಮರಳಿ ಇಳಿಸಬಾರದು. ಪೋಷಕರು ಹೂಡಿದ ಮೊಕದ್ದಮೆಯ ಬಳಿಕ, 2015ರಲ್ಲಿ, ಅಮೆರಿಕದ ಫುಟ್‌ಬಾಲ್ ಒಕ್ಕೂಟವು 10 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳಿಗೆ ಹೆಡರ್ ನಿಷೇಧಿಸುವ ನಿರ್ಧಾರ ಪ್ರಕಟಿಸಿತು. 11ರಿಂದ 13ರವರೆಗಿನವರಿಗೆ ಅಭ್ಯಾಸದಲ್ಲಿ ಮಿತಿ ಹಾಕಿತು.

ಇಂಗ್ಲೆಂಡ್‌ನಲ್ಲಿ 2020ರಿಂದ ಪ್ರಾಥಮಿಕ ಶಾಲಾ ವಯಸ್ಸಿನ ಮಕ್ಕಳ ತರಬೇತಿಯಲ್ಲಿ ಹೆಡರ್ ಕಲಿಸುವಂತಿಲ್ಲ. 2024-25ರಿಂದ 11 ವರ್ಷದೊಳಗಿನವರ ಪಂದ್ಯಗಳಲ್ಲಿಯೂ ಅದನ್ನು ಹಂತಹಂತವಾಗಿ ಕೈಬಿಡಲಾಗುತ್ತಿದೆ. ಹವ್ಯಾಸಿ ಕ್ರೀಡೆಗಾಗಿ ಬ್ರಿಟನ್ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಕನ್ಕಷನ್ ಸಂಶಯವಿದ್ದರೆ 24 ಗಂಟೆಯೊಳಗೆ 111 ಸಂಖ್ಯೆಗೆ ಕರೆ ಮಾಡಬೇಕು. ಸ್ಪರ್ಧಾತ್ಮಕ ಪಂದ್ಯಕ್ಕೆ ಮರಳುವ ಮುನ್ನ ಕನಿಷ್ಠ 21 ದಿನ ಕಾಯಬೇಕು. ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಫಿಟ್ಸ್, ಪ್ರಜ್ಞೆ ತಪ್ಪುವಿಕೆ ಇದ್ದರೆ ಕಾಯದೆ ತುರ್ತು ಚಿಕಿತ್ಸೆಗೆ ಒಯ್ಯಬೇಕು.

ಈ ನಿಯಮಗಳನ್ನು ಅತಿಯಾದ ನಾಜೂಕೆಂದು ಭಾವಿಸುವವರು ನಮ್ಮಲ್ಲಿದ್ದಾರೆ. ‘ನಾವು ಮರದಿಂದ ಬಿದ್ದರೂ ನೀರು ಚಿಮುಕಿಸಿಕೊಂಡು ಮತ್ತೆ ಆಡಲು ಓಡುತ್ತಿದ್ದೆವು’ ಎಂದು ಊರಿನಿಂದ ಹೇಳುವ ಹಿರಿಯರ ಮಾತಿನಲ್ಲಿ ಪ್ರೀತಿಯಿದೆ, ಧೈರ್ಯ ತುಂಬುವ ಆಸೆಯಿದೆ. ಆದರೆ ಆ ಮಾತು ಕೇಳಿದ ಮಗು ಮುಂದಿನ ಸಲ ತಲೆಸುತ್ತನ್ನು ಮುಚ್ಚಿಡುವುದನ್ನು ಕಲಿಯುತ್ತದೆ. ತಂಡದಿಂದ ಕೈಬಿಟ್ಟಾರೆಂಬ ಭಯ ಅದಕ್ಕೆ ಮೊದಲೇ ಇರುತ್ತದೆ.

ಮುಚ್ಚಿಡುವ ಪಾಠ ಮಕ್ಕಳಿಗೆ ಮೈದಾನದಲ್ಲಿ ಮಾತ್ರ ಸಿಗುವುದಿಲ್ಲ. ವೀಸಾ ಉದ್ಯೋಗದಾತನಿಗೆ ಕಟ್ಟಿಬಿದ್ದಿರುವ ನಾಡಿನಲ್ಲಿ ಬೆನ್ನುನೋವನ್ನೂ, ನಿದ್ದೆಯಿಲ್ಲದ ರಾತ್ರಿಗಳನ್ನೂ ಕಚೇರಿಗೆ ತಿಳಿಸದೆ ದುಡಿಯುವವರು ನಮ್ಮ ನಡುವೆಯೇ ಇದ್ದಾರೆ. ಭಾನುವಾರ ಅಮ್ಮ ಫೋನ್ ಮಾಡಿದಾಗ ಉತ್ತರ ಒಂದೇ: ಚೆನ್ನಾಗಿದ್ದೇನೆ. ಕೊಲ್ಲಿ ರಾಷ್ಟ್ರಗಳ ಬಿಸಿಲಿನಲ್ಲಿ ದುಡಿಯುವವರಿಗೂ, ಅಮೆರಿಕದ ತಂತ್ರಾಂಶ ಉದ್ಯೋಗಿಗೂ ಈ ಉತ್ತರ ಸಮಾನ. ವರಾನ್‌ಗೆ ಹಣವಿತ್ತು, ಹೆಸರಿತ್ತು, ಪಕ್ಕದಲ್ಲೇ ವೈದ್ಯರ ತಂಡವಿತ್ತು. ಆದರೂ ಬಾಯಿ ಬಿಟ್ಟು ಹೇಳಲು ವರ್ಷಗಳೇ ಬೇಕಾದವು. ಅವಾವುದೂ ಇಲ್ಲದವರಿಗೆ ಎಷ್ಟು ಕಷ್ಟವೆಂಬುದನ್ನು ಹೊರಡಲು ಸಿದ್ಧರಾಗಿರುವ ಯುವಕರು, ಅವರನ್ನು ಕಳಿಸಿಕೊಡುವ ಮನೆಯವರು ಮೊದಲೇ ಮಾತನಾಡಿಕೊಳ್ಳುವುದು ಒಳಿತು.

ಮಕ್ಕಳನ್ನು ಫುಟ್‌ಬಾಲ್‌ನಿಂದ ಬಿಡಿಸಬೇಕೆಂದು ಇದರ ಅರ್ಥವಲ್ಲ. ಹೊಸ ನಾಡಿನಲ್ಲಿ ಗೆಳೆತನ ಹುಟ್ಟುವುದು ಬಹುಮಟ್ಟಿಗೆ ಮೈದಾನದಲ್ಲಿಯೇ. ಸಹಿ ಹಾಕುವ ಮುನ್ನ ಆ ಹಾಳೆಯನ್ನು ಓದೋಣ. ತರಬೇತುದಾರರಿಗೆ ನಿಯಮ ಗೊತ್ತಿದೆಯೇ ಎಂದು ಸಂಕೋಚವಿಲ್ಲದೆ ಕೇಳೋಣ. ಊರಿನ ಅಜ್ಜ ಅಜ್ಜಿಯರು ಎಷ್ಟು ಗೋಲು ಹೊಡೆದೆ ಎಂದು ವಿಚಾರಿಸಿದ ಮೇಲೆ, ಎಲ್ಲಿಯಾದರೂ ಪೆಟ್ಟಾಯಿತೇ ಎಂದೂ ಒಮ್ಮೆ ಕೇಳಲಿ. ಹೌದೆಂದು ಮಗು ಹೇಳಿದರೆ ಗದರಿಸದೆ, ಹೇಳಿದ್ದಕ್ಕಾಗಿ ಮೆಚ್ಚಲಿ.