ಕಸವೇ ಕಸುವು

ನಮ್ಮ ರಾಯದುರ್ಗದ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರು ಮಾತ್ರ. “ಕುಡಿಯಲೇ ನೀರಿಲ್ಲ, ಶಾಲೆಗೆ ಕೈತೋಟವೇಕೆ?” ಎಂದು ಕೆಲವು ಪೋಷಕರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಇದ್ದ ತೇವವನ್ನೂ ಬಿಸಿಲಿಗೆ ಒಪ್ಪಿಸುತ್ತಿರುವವರು ನಾವೇ ಅಲ್ಲವೇ? ಬೇಸಿಗೆಯ ಮೊದಲಿಗೆ ಉದುರುವ ಬೇವು, ಹೊಂಗೆಯ ಎಲೆಗಳನ್ನು ಗುಡಿಸಿ ಬೆಂಕಿಯಿಟ್ಟು, ಅಂಗಳ ಚೊಕ್ಕಟವಾಯಿತೆಂದು ಹಿಗ್ಗುತ್ತೇವೆ. ಅದೇ ಎಲೆಯನ್ನು ಗಿಡದ ಸುತ್ತ ನಾಲ್ಕು ಬೆರಳು ದಪ್ಪ ಹಾಸಿದರೆ ನೆಲ ಕಾಯದು, ತೇವ ಬೇಗ ಆರದು; ಮಳೆ ಬಿದ್ದ ಮೇಲೆ ಕೊಳೆತು ಗೊಬ್ಬರವೂ ಆಗುವುದು. ನುಗ್ಗೆ, ಕರಿಬೇವಿಗೆ ನಾವು ಕೈ ತೊಳೆದ ನೀರೇ ಸಾಕು. ಹಗರಿಯ ದಂಡೆಯಲ್ಲಿ, ಕಣೇಕಲ್ ಕಡೆ, ಮರಳು ಗಾಳಿಗೆದ್ದು ಹೊಲಗಳನ್ನು ಮುಚ್ಚಿರುವುದನ್ನು ಕಂಡಿದ್ದೇವೆ. ಹೊದಿಕೆಯಿಲ್ಲದ ನೆಲದ ಗತಿ ಅದು. ಮಕ್ಕಳೇ, ಈ ವರ್ಷ ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಒಂದು ಎಲೆಯನ್ನೂ ಸುಡದಿರೋಣ.