ಎರೆಯದೆ ಏರುವ ಎರಕ



ಎರಡು ವರ್ಷಗಳಿಗೊಮ್ಮೆ ಈ ಪುಟದಲ್ಲಿ ಮನೆವಾರ್ತೆಯನ್ನು ಬರೆಯುವ ನಾನು ಈ ಸಲ ಲೋಹದ ವಿಚಾರಕ್ಕೆ ಕೈಹಾಕಿರುವುದಕ್ಕೆ ಕಾರಣವುಂಟು. ಕಳೆದ ಚಳಿಗಾಲದಲ್ಲಿ ನಮ್ಮ ಕಾರಿನ ಒಂದು ಗಾಲಿ ಪ್ರತಿದಿನವೂ ಬೆಳಗಾಗುವಷ್ಟರಲ್ಲಿ ಮೆತ್ತಗಾಗಿರುತ್ತಿತ್ತು. ಮೊಮ್ಮಗಳನ್ನು ಕೂರಿಸಿಕೊಂಡು ದುಖಾನ್ ಹೆದ್ದಾರಿಯಲ್ಲಿ ಓಡಾಡುವ ನಮಗೆ ಅದು ಸಣ್ಣ ಮಾತಾಗಿರಲಿಲ್ಲ. ದೋಹಾದ ಸನಾಯಿಯಾದಲ್ಲಿ ಮಂಗಳೂರು ಕಡೆಯ ಮೆಕ್ಯಾನಿಕ್ ಒಬ್ಬರು ಗಾಲಿಯನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನೋಡಿದರು.

“ಟಯರು ಸರಿ ಉಂಟು ಅಮ್ಮ. ಗಾಳಿ ಹೋಗುವುದು ಚಕ್ರದ ಲೋಹದಿಂದಲೇ.”

ಹೊಳೆಯುವ ಅಲ್ಯೂಮಿನಿಯಂ ಮೈಯಿಂದ ಸಾಸಿವೆಯಷ್ಟು ಗುಳ್ಳೆಗಳು ಏಳುತ್ತಿದ್ದವು! ಅಗ್ಗವೆಂದು ನಾವೇ ಆರಿಸಿ ಹಾಕಿಸಿದ ಚಕ್ರ ಅದು.

ಕಲಾ ಪದವೀಧರೆಯಾದ ನಾನು, ‘ಎರಕ’ವು ‘ಎರೆ’ ಎಂಬ ಧಾತುವಿನಿಂದ ಬಂದುದೆಂಬುದಷ್ಟನ್ನೇ ಬಲ್ಲವಳು. ಎರೆಯುವುದರಲ್ಲಿಯೇ ತೊಡಕಿದೆಯೆಂದು ಯಜಮಾನರು ತಿಳಿಸಿದರು. ಕರಗಿದ ಲೋಹವನ್ನು ಮೇಲಿನಿಂದ ರಭಸವಾಗಿ ಸುರಿದರೆ ಅದು ಗಾಳಿಯನ್ನೂ ಮೇಲ್ಮೈಯ ಆಕ್ಸೈಡ್ ಪೊರೆಯನ್ನೂ ಒಳಕ್ಕೆ ಮಡಿಚಿಕೊಳ್ಳುತ್ತದೆ. ಎತ್ತಿ ಹೊಯ್ದ ಕಾಫಿಯ ನೊರೆ ನಾಲಿಗೆಗೆ ಹಿತ, ಚಕ್ರಕ್ಕಲ್ಲ.

ಆದುದರಿಂದಲೇ ಕಾರಿನ ಚಕ್ರಗಳಿಗೆ ಕಡಿಮೆ ಒತ್ತಡದ ಎರಕವು ಬಹುವಾಗಿ ಬಳಕೆಯಲ್ಲಿದೆ. ಉಕ್ಕಿನ ಅಚ್ಚು ಮೇಲೆ, ಭದ್ರವಾಗಿ ಮುಚ್ಚಿದ ಕುಲುಮೆ ಕೆಳಗೆ. ನಡುವೆ ಲೋಹದಲ್ಲಿ ಅದ್ದಿದ ಒಂದು ಕೊಳವೆ. ಕುಲುಮೆಗೆ ಒಣಗಾಳಿಯನ್ನು ಊಡಿದರೆ, ಸುಮಾರು 700 ಡಿಗ್ರಿ ಸೆಲ್ಸಿಯಸ್ ಕಾವಿನ ದ್ರವವು ಕೊಳವೆಯೊಳಗೆ ಮೆಲ್ಲನೆ ಏರಿ ಅಚ್ಚನ್ನು ಬುಡದಿಂದ ತುಂಬುತ್ತದೆ. ಆ ಒತ್ತಡ ಸಾಮಾನ್ಯವಾಗಿ 1 ಬಾರ್‌ಗಿಂತಲೂ ಕಡಿಮೆ. ನಮ್ಮ ಟಯರಿನೊಳಗಿನ ಗಾಳಿಯ ಒತ್ತಡವೇ ಅದರ ಇಮ್ಮಡಿಗೂ ಮಿಗಿಲು!

ನಿಜವಾದ ಜಾಣ್ಮೆ ಅನಂತರದ್ದು. ಅಲ್ಯೂಮಿನಿಯಂ ಗಟ್ಟಿಯಾಗುವಾಗ ಕುಗ್ಗುತ್ತದೆ. ದೂರದ ಅಂಚು ಮೊದಲು, ಕೊಳವೆಯ ಬಾಯಿ ಕೊನೆಗೆ ಗಟ್ಟಿಯಾಗುವಂತೆ ಅಚ್ಚನ್ನು ತಣಿಸಬೇಕು. ಅಲ್ಲಿಯವರೆಗೂ ಒತ್ತಡವನ್ನು ಬಿಡದೆ, ಕುಗ್ಗಿದೆಡೆಗೆಲ್ಲ ಹೊಸ ಲೋಹವನ್ನು ಉಣಿಸುತ್ತಿರಬೇಕು. ನಡುಭಾಗವೇ ಮೊದಲು ಹೆಪ್ಪುಗಟ್ಟಿತೋ, ಅದರಾಚೆಯ ಲೋಹ ಹಸಿದೇ ಉಳಿದು ಟೊಳ್ಳಾಗುತ್ತದೆ. ಬಾಯಿ ಗಟ್ಟಿಯಾದೊಡನೆ ಒತ್ತಡವನ್ನಿಳಿಸಿದರೆ ಕೊಳವೆಯಲ್ಲಿ ಉಳಿದ ದ್ರವ ಕುಲುಮೆಗೇ ಮರಳುತ್ತದೆ. ಗೃಹಿಣಿಯಾದ ನನಗೆ ಬಹಳ ಮೆಚ್ಚುಗೆಯಾದುದು ಈ ಮಿತವ್ಯಯವೇ.

ದೋಹಾದ ದಕ್ಷಿಣಕ್ಕೆ ಮೆಸಯೀದ್‌ನಲ್ಲಿ, 2010ರಲ್ಲಿ ಉದ್ಘಾಟನೆಗೊಂಡ ಕತಾಲಮ್ ಕಾರ್ಖಾನೆಯಿದೆ. ಕತಾರಿನ ಅನಿಲದಿಂದ ಪಡೆದ ವಿದ್ಯುತ್ತಿನಿಂದ ಅಲ್ಯೂಮಿನಿಯಂ ತಯಾರಿಸುವ ಈ ಕಾರ್ಖಾನೆಯಿಂದ ಎರಕಕ್ಕೆಂದೇ ಬೆರಕೆ ಮಾಡಿದ ಮಿಶ್ರಲೋಹದ ಗಟ್ಟಿಗಳೂ ಹೊರದೇಶಗಳಿಗೆ ಹೋಗುತ್ತವೆ. ಲೋಹ ಎಷ್ಟೇ ಶುದ್ಧವಾಗಿರಲಿ, ಎರೆಯುವವರ ತಾಳ್ಮೆ ಬೇರೆಯೇ ಬೇಕು.

ಉಳಿದ ಮೂರು ಚಕ್ರಗಳಲ್ಲಿ ಗುಳ್ಳೆ ಕಾಣಲಿಲ್ಲ. ಆದರೂ ಮೊಮ್ಮಗಳನ್ನು ನೆನೆದು ನಾಲ್ಕನ್ನೂ ಬದಲಾಯಿಸಿದೆವು. ಬೆಲೆ ಕೇಳಿದ ಯಜಮಾನರು ಅಂದು ಸಂಜೆಯವರೆಗೂ ಮೌನವ್ರತದಲ್ಲಿದ್ದರು.